ಸತ್ತ ಬೆಳಕಿನ ಬಣ್ಣ

ಉತ್ತರದ ಕಿಟಕಿಯ ಕೆಳಗಿದ್ದ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಬ್ಲೇಜ್ ತನ್ನ ಡಯಲನ್ನು ಇಟ್ಟ. ಇನ್ನೂ ಗಾಜು ಕೂರಿಸಿರಲಿಲ್ಲ. ಕಪ್ಪು ಬಿಲ್ಲೆ, ಅದರ ಮೇಲೆ ಎರಡು ಮುಳ್ಳು, ನಾಲ್ಕು ಅಂಕಿ, ಉಳಿದ ಗಂಟೆಗಳಿಗೆ ಒಂದೊಂದು ಚುಕ್ಕಿ. ಗಡಿಯಾರದ ಕಾರ್ಖಾನೆಗೆ ಸೇರಿದಾಗಿನಿಂದ ಅವನು ಬೇರೆಯವರು ಬರೆದ ಡಯಲುಗಳ ಗೆರೆ ತಿದ್ದುತ್ತ ಬಂದವನು. ಮೊದಲ ಗೆರೆಯಿಂದ ಕೊನೆಯ ಚುಕ್ಕಿಯವರೆಗೆ ತನ್ನದೇ ಎನ್ನಬಹುದಾದದ್ದು ಇದೇ ಮೊದಲನೆಯದು.

ಯಜಮಾನತಿ ಮದಾಂ ಪೆರ್ನೂ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು. ಅವರ ಪಕ್ಕದಲ್ಲಿ ತಿಯೆರಿ ಇದ್ದ. ರಿಪೇರಿ ಕೋಣೆಯ ಮೇಸ್ತ್ರಿ ಅವನು. ಈ ಕಣಿವೆಯಲ್ಲಿ ತಯಾರಾದ ಹಳೆಯ ಗಡಿಯಾರಗಳೆಲ್ಲ ಒಂದಲ್ಲ ಒಂದು ದಿನ ಅವನ ಕೈಗೆ ಬರುತ್ತಿದ್ದವು. ಹೊಸ ಡಯಲು ಬಂದರೆ ಅವನನ್ನು ಕರೆಯುವುದು ವಾಡಿಕೆ. ಹೊಗಳುವ ಕೆಲಸಕ್ಕೆ ಅವನನ್ನು ಯಾರೂ ಕರೆಯುತ್ತಿರಲಿಲ್ಲ.

"ನಿಮಿಷದ ಮುಳ್ಳು ಗೆರೆ ಮುಟ್ಟಿಲ್ಲ," ಎಂದ ತಿಯೆರಿ. "ಬೇಲಿ ಆಚೆಯಿಂದ ಹುಲ್ಲು ನೋಡೋ ಹಸು ಥರ ನಿಂತಿದೆ."

"ಒಂದು ಕೂದಲೆಳೆ ಉದ್ದ ಮಾಡ್ತೀನಿ," ಎಂದ ಬ್ಲೇಜ್.

"ನಮ್ಮ ಹೆಸರು ದಪ್ಪ ಆಯ್ತು," ಎಂದರು ಮದಾಂ ಪೆರ್ನೂ. "ಇಷ್ಟು ದುಡ್ಡು ಕೊಟ್ಟು ಕೊಂಡವನಿಗೆ ಯಾರ ಗಡಿಯಾರ ಅಂತ ಗೊತ್ತಿರತ್ತೆ. ಕೂಗಿ ಹೇಳಬೇಕಾಗಿಲ್ಲ."

ಆಮೇಲೆ ಇಬ್ಬರೂ ಇನ್ನಷ್ಟು ಬಗ್ಗಿದರು. ಅಂಕಿಗಳ ಬಣ್ಣ ನೋಡುತ್ತಿದ್ದಾರೆಂದು ಬ್ಲೇಜ್‌ಗೆ ಗೊತ್ತಾಯಿತು. ಹೊಸ ಬಣ್ಣವನ್ನು ಹಳೆಯದರಂತೆ ಕಾಣಿಸುವುದು ಆಗ ಎಲ್ಲ ಕಾರ್ಖಾನೆಗಳೂ ಮಾಡುತ್ತಿದ್ದ ಕೆಲಸ; ಎಲ್ಲರದೂ ಚಹಾ ಚೆಲ್ಲಿದ ಹಾಗೆ ಕಾಣುತ್ತಿತ್ತು. ಇದು ಹಾಗಿರಲಿಲ್ಲ. ಕೆನೆಯಂತಿದ್ದು, ಕೆನೆಯೊಳಗೆ ಸುಟ್ಟ ಸಕ್ಕರೆಯ ಕಂದು, ಅಂಚಿಗೆ ಬಂದಂತೆ ಇನ್ನಷ್ಟು ಕಪ್ಪು.

ತಿಯೆರಿ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. "ಇದನ್ನ ಮುಟ್ಟೋಕೆ ಮುಂಚೆ ಕೈಗವಸು ಹಾಕ್ಕೋಬೇಕು ಅನ್ನಿಸ್ತು ಕಣಪ್ಪಾ," ಎಂದ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವಂತಿರಲಿಲ್ಲ. ಕತ್ತಲಲ್ಲಿ ಬೆಳಗಲೆಂದು ರೇಡಿಯಂ ಹಚ್ಚಿದ ಹಳೆಯ ಗಡಿಯಾರ ಬಂದರೆ ಅವನು ಅದರ ವಿಕಿರಣಕ್ಕೆ ಅಂಜಿ ಅದನ್ನು ಗಾಜಿನ ಪೆಟ್ಟಿಗೆಯೊಳಗಿಟ್ಟು, ಕೈಗವಸು ತೊಟ್ಟು ಬಿಚ್ಚುತ್ತಿದ್ದ.

"ಎಲ್ಲಿಂದ ತೆಗೆದೆ ಈ ಬಣ್ಣಾನ?" ಎಂದು ಕೇಳಿದರು ಮದಾಂ.

"ಮನೇಲಿದ್ದ ಒಂದು ಹಳೇ ಸಾಮಾನಿನಿಂದ."

"ನಿಮ್ಮ ಚಿಕ್ಕಜ್ಜಿ ನಮ್ಮ ಡಯಲಿಗೆ ಬಣ್ಣ ಹಚ್ತಿದ್ರಲ್ಲ, ಒದಿಲ್. ಇದ್ದಾರಾ?"

"ಇದ್ದಾರೆ. ಬೈಯೋ ಶಕ್ತಿ ಇನ್ನೂ ಇದೆ."

"ಹಾಗಾದ್ರೆ ಅವರಿಗೆ ತೋರಿಸು. ಅವರು ಸರಿ ಅಂದ್ರೆ ನಾನು ಸಹಿ ಹಾಕ್ತೀನಿ. ಮತ್ತೆ ಹೆಂಡತಿ ಹೇಗಿದ್ದಾಳೆ?"

"ಐದು ತಿಂಗಳು ತುಂಬಿತು," ಎಂದ ಬ್ಲೇಜ್. ಅಷ್ಟು ಹೇಳಿ, ದೃಷ್ಟಿ ತಾಗದಿರಲೆಂದು ಮೇಜಿನ ಮರದಂಚನ್ನು ಬೆರಳಿಂದ ಮೆಲ್ಲಗೆ ತಟ್ಟಿದ. ಅದನ್ನು ನೋಡಿದರೂ ಇಬ್ಬರೂ ನಗಲಿಲ್ಲ. ಹಿಂದಿನ ಎರಡು ಬಸಿರು ನಿಲ್ಲದೆ ಹೋದದ್ದು ಕಾರ್ಖಾನೆಯಲ್ಲಿ ಎಲ್ಲರಿಗೂ ತಿಳಿದಿತ್ತು.

ಡಯಲನ್ನು ಹತ್ತಿಯಲ್ಲಿ ಸುತ್ತಿ, ಚಿಕ್ಕ ತಗಡಿನ ಡಬ್ಬಿಯಲ್ಲಿಟ್ಟು, ಅಂಗಿಯ ಒಳಜೇಬಿಗೆ ಸೇರಿಸಿಕೊಂಡು ಬ್ಲೇಜ್ ಊರಿನ ಕಡೆ ಹೊರಟ. ಲಾ ಕೊಂಬ್‌ಗೆ ಏರುವ ದಾರಿಯಲ್ಲಿ ಹಿಮ ಆಗಲೇ ಕಲ್ಲುಗೋಡೆಗಳ ಬುಡಕ್ಕೆ ಬಂದು ಕೂತಿತ್ತು. ಹಸುಗಳನ್ನು ಮೇವಿನ ಬಯಲಿಂದ ಕೊಟ್ಟಿಗೆಗೆ ಇಳಿಸಿಯಾಗಿತ್ತು. ಬಯಲೆಲ್ಲ ಖಾಲಿ, ಅಲ್ಲಲ್ಲಿ ಒಂಟಿ ಸ್ಪ್ರೂಸ್ ಮರ.

ಅವನ ಮನೆ ಅಲ್ಲಿನ ಎಲ್ಲ ಮನೆಗಳಂತೆ ಒಂದೇ ಅಗಲವಾದ ಸೂರಿನ ಕೆಳಗೆ ಕೊಟ್ಟಿಗೆ, ಹುಲ್ಲಟ್ಟ, ಅಡಿಗೆಮನೆ ಎಲ್ಲವನ್ನೂ ಅಡಗಿಸಿಕೊಂಡಿತ್ತು. ದಕ್ಷಿಣದ ಗೋಡೆಗೆ ಮಾತ್ರ ಸಾಲಾಗಿ ಕಿಟಕಿಗಳು. ಹೊಲದ ಕೆಲಸವಿಲ್ಲದ ಚಳಿಗಾಲದಲ್ಲಿ ಹಿಂದಿನವರು ಆ ಕಿಟಕಿಗಳ ಕೆಳಗೆ ಕೂತು ಗಡಿಯಾರದ ಕೆಲಸ ಮಾಡುತ್ತಿದ್ದರು. ಆ ಸಾಲಿನ ಕೊನೆಯ ಎರಡು ಕಿಟಕಿಗಳ ಭಾಗದಲ್ಲಿ ಚಿಕ್ಕಜ್ಜಿ ಒದಿಲ್ ಇದ್ದಳು. ಉಳಿದದ್ದು ಬ್ಲೇಜ್ ಮತ್ತು ಕೊರಾಲಿಯದು. ನಡುವೆ ಒಂದು ಬಾಗಿಲು. ಚಿಕ್ಕಜ್ಜಿಗೆ ಮೊಣಕಾಲು ನೋವು. ಆ ಬಾಗಿಲು ದಾಟಿ ಅವಳು ಬರುವುದು ಅಪರೂಪವಾಗಿತ್ತು. ಇವರೇ ಹೋಗಿ ಸೂಪು ಕೊಟ್ಟು ಬರುತ್ತಿದ್ದರು.

ಕೊರಾಲಿಗೆ ಏಣಿ ಹತ್ತುವುದನ್ನು ಬ್ಲೇಜ್ ಬಿಡಿಸಿದ್ದ. ಹಾಲಿನ ಕ್ಯಾನು ಎತ್ತುವುದನ್ನು ಬಿಡಿಸಿದ್ದ. ಹಸುವೊಂದು ಒದ್ದೀತೆಂದು ಕೊಟ್ಟಿಗೆಗೂ ಬಿಡುತ್ತಿರಲಿಲ್ಲ. "ಹಾಗಾದ್ರೆ ನಾನೇನು ಮೊಟ್ಟೆ ಮೇಲೆ ಕೂತ ಕೋಳಿನಾ?" ಎಂದು ಅವಳು ಒಂದು ದಿನ ಜಗಳ ತೆಗೆದಾಗ, ಅವನು ಯೋಚಿಸಿ ಒಂದು ಕೆಲಸ ಕೊಟ್ಟ. ಕೂತು ಮಾಡುವ ಕೆಲಸ. ಒಲೆಯ ಪಕ್ಕ ಬೆಚ್ಚಗೆ ಕೂತು ಹಳೆಯ ತೊಟ್ಟಿಲನ್ನು ಉಪ್ಪುಕಾಗದದಿಂದ ಉಜ್ಜಿ ನುಣುಪು ಮಾಡುವುದು.

ತೊಟ್ಟಿಲನ್ನು ಅವನೇ ಹುಲ್ಲಟ್ಟದಿಂದ ಇಳಿಸಿದ್ದ. ನೆಲದ ಮೇಲೆ ಬಾಗಿದ ಕಾಲುಗಳಲ್ಲಿ ತೂಗುವ ಮರದ ತೊಟ್ಟಿಲು. ಅವನ ಅಪ್ಪ ಅರ್ಮಾಂ ಅದರಲ್ಲಿ ಮಲಗಿ ಬೆಳೆದದ್ದು. ಬ್ಲೇಜ್ ಹುಟ್ಟುವ ಹೊತ್ತಿಗೆ ಅಂಗಡಿಯ ತೊಟ್ಟಿಲು ಬಂದಿತ್ತು, ಇದು ಅಟ್ಟ ಸೇರಿತ್ತು. ಧೂಳು ಒರೆಸಿದಾಗ ಮೇಲಂಚಿನ ಸುತ್ತ ಚುಕ್ಕಿಗಳ ಒಂದು ಸಾಲು ಕಂಡಿತು. ಯಾರೋ ಕೈಯಿಂದ ಇಟ್ಟ ಚುಕ್ಕಿಗಳು. ಒಂದು ದೊಡ್ಡದು, ಒಂದು ಚಿಕ್ಕದು, ಕಂದು ತಿರುಗಿದ ಕೆನೆ ಬಣ್ಣ. ಹಳೆಯ ಗಡಿಯಾರದ ಚುಕ್ಕಿಗಳ ಹಾಗೇ ಇವೆಯಲ್ಲ ಎಂದುಕೊಂಡ. ಚೂರಿಯ ಮೊನೆಯಿಂದ ಒಂದು ಚುಕ್ಕಿಯನ್ನು ಕೆರೆದು ಬಿಳಿ ಕಾಗದದ ಮೇಲೆ ಉದುರಿಸಿ, ಮಡಿಸಿ, ಕಾರ್ಖಾನೆಗೆ ಒಯ್ದ. ಆ ಬಣ್ಣಕ್ಕೆ ಸರಿಹೊಂದಿಸಲು ಒಂದು ವಾರ ಹಿಡಿಯಿತು. ಹಾಗೇ ಇವೆ ಎಂದುಕೊಂಡವನಿಗೆ ಅದೇ ಬಣ್ಣ ಇರಬಹುದು ಎಂದು ಒಮ್ಮೆಯೂ ಹೊಳೆಯಲಿಲ್ಲ. ಡಯಲಿನ ಮೇಲಾಗಿದ್ದರೆ ಹೊಳೆಯುತ್ತಿತ್ತು. ತೊಟ್ಟಿಲಿಗೆ ಅದನ್ನು ಯಾರು ಹಚ್ಚುತ್ತಾರೆ?

ಡಯಲು ಹಿಡಿದು ಮನೆಗೆ ಬಂದ ಆ ಸಂಜೆ ಅವನು ಅಡಿಗೆಮನೆಗೆ ಇಣುಕಿದಾಗ ಕೊರಾಲಿ ಬೆನ್ನು ಮಾಡಿ ಕೂತಿದ್ದಳು. ಉಪ್ಪುಕಾಗದದ ಸರ್ ಸರ್ ಸದ್ದು.

"ಏನಂದ್ರು?" ಎಂದು ತಿರುಗದೆ ಕೇಳಿದಳು.

"ಚಿಕ್ಕಜ್ಜಿ ಒಪ್ಪಿದ್ರೆ ಒಪ್ಪಿಗೆಯಂತೆ."

"ಹಾಗಾದ್ರೆ ಕೆಟ್ಟೆ. ನಾನು ಮಾಡಿದ ಸೂಪನ್ನೇ ಅವರು ಇನ್ನೂ ಒಪ್ಪಿಲ್ಲ. ಹೋಗು, ತೋರಿಸಿ ಬಾ. ನಂದು ಇವತ್ತಿಗೆ ಮುಗಿಯತ್ತೆ."

ಅವನು ನಡುವಿನ ಬಾಗಿಲು ತೆಗೆದು ಚಿಕ್ಕಜ್ಜಿಯ ಕೋಣೆಗೆ ಹೋದ.

ಒದಿಲ್ ಕಪ್ಪು ಶಾಲು ಹೊದ್ದು ಕಿಟಕಿಯ ಬಳಿ ಕೂತಿದ್ದಳು. ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು. ಡಬ್ಬಿ ಕಂಡದ್ದೇ ಅವಳ ಬೆನ್ನು ನೆಟ್ಟಗಾಯಿತು. ಮೇಜಿನ ಮೇಲಿದ್ದ ಸಿಹಿ ರೊಟ್ಟಿಯ ತಟ್ಟೆಯನ್ನು ಸರಿಸಿ, ಚೂರುಗಳನ್ನು ಅಂಗೈಯಿಂದ ಒಟ್ಟುಮಾಡಿ, ಶಾಲಿನ ತುದಿಯಿಂದ ಮೇಜು ಒರೆಸಿದಳು.

"ಯಾರ ಕೈದು?"

"ನಂದೇ."

"ನಿಂದಾ? ಹಾಗಾದ್ರೆ ಬೈಬಹುದು." ಡಯಲಿನ ಅಂಚನ್ನು ಎರಡು ಉಗುರುಗಳ ನಡುವೆ ಹಿಡಿದು ಕಿಟಕಿಗೆ ಓರೆಯಾಗಿ ತಿರುಗಿಸಿದಳು. ಅಷ್ಟು ವರ್ಷ ಕಳೆದಿದ್ದರೂ ಆ ಕೈ ನಡುಗಲಿಲ್ಲ. "ಕಪ್ಪು ಜಾಸ್ತಿ ಕಪ್ಪಾಯ್ತು. ಬಾವಿ ಬಗ್ಗಿ ನೋಡಿದ ಹಾಗೆ."

"ಅದು ನಿನ್ನ ಕಣ್ಣಿನ ಪೊರೆ ಚಿಕ್ಕಜ್ಜಿ. ಆ ಕಪ್ಪಲ್ಲಿ ಒಂದು ಚೂರು ಕಂದು ಬಣ್ಣಾನೂ ಇದೆ."

"ಇರಬಹುದು. ಡಾಕ್ಟರೂ ಹಾಗೇ ಹೇಳ್ತಾನೆ. ಇದೇನು ಹೆಸರಿನ ಕೆಳಗೆ ಎರಡು ಸಾಲು ಬರಹ? ಓದೋಕೆ ಪೇಪರ್ ಬರತ್ತಲ್ಲ ಮನೆಗೆ. ತೆಗೆದು ಹಾಕು."

"ಒಂದು ಸಾಲು ತೆಗೀತೀನಿ."

"ಚೌಕಾಸಿ ಮಾಡ್ತೀಯ. ಹನ್ನೆರಡು ಚೆನ್ನಾಗಿದೆ, ಮೈಕೈ ತುಂಬ್ಕೊಂಡಿದೆ. ಆರು ಮಾತ್ರ ಬಡಕಲು. ಮಗಾ, ಆರು ಕೆಳಗಿರೋ ಅಂಕಿ. ಮೇಲಿನ ಭಾರ ಎಲ್ಲ ಅದೇ ಹೊರಬೇಕು. ಇವೆತ್ ಬರೀತಿದ್ದ ಆರು ಹೇಗಿರ್ತಿತ್ತು ಅಂದ್ರೆ, ಒಳ್ಳೇ ಹಸು ಮಲಗಿದ ಹಾಗೆ."

ಇವೆತ್ ಅವಳ ಅಕ್ಕ, ಅರ್ಮಾಂನ ತಾಯಿ. ಬ್ಲೇಜ್ ತನ್ನ ಆ ಅಜ್ಜಿಯನ್ನು ಗೋಡೆಯ ಪಟದಲ್ಲಿ ಮಾತ್ರ ನೋಡಿದ್ದ. ಪಟದಲ್ಲಿ ಅವಳು ಕೆನ್ನೆಗೆ ಕರವಸ್ತ್ರ ಒತ್ತಿಕೊಂಡಿದ್ದಳು.

"ಇನ್ನೊಂದು ವಿಷಯ," ಎಂದಳು ಒದಿಲ್. "ಚುಕ್ಕಿಗಳೆಲ್ಲ ಒಂದೇ ಥರ ಇವೆ. ಅಚ್ಚು ಒತ್ತಿದ್ದಾ?"

"ಈಗೆಲ್ಲ ಹಾಗೇ."

"ಹಾಗೇ ಕಾಣತ್ತೆ. ಇರು, ಕತ್ತಲಲ್ಲಿ ನೋಡ್ತೀನಿ."

ಶಾಲನ್ನು ತಲೆಯ ಮೇಲೆ ಎಳೆದುಕೊಂಡು, ಡಯಲನ್ನು ಎದೆಗೆ ಹತ್ತಿರ ಹಿಡಿದು, ಅವಳು ಪೂರ್ತಿ ಒಳಗೆ ಸೇರಿಕೊಂಡಳು. ಡಯಲಿಗೆ ಬಣ್ಣ ಹಚ್ಚುತ್ತಿದ್ದ ಹೆಂಗಸರೆಲ್ಲ ಹೀಗೇ ಮಾಡುತ್ತಿದ್ದರು. ಹಚ್ಚಿ ಮುಗಿದ ಪ್ರತಿಯೊಂದನ್ನೂ ಕಪ್ಪು ಶಾಲಿನೊಳಗೆ ಒಯ್ದು, ಎಲ್ಲ ಚುಕ್ಕಿಯೂ ಬೆಳಗುತ್ತಿದೆಯೇ, ಎಲ್ಲಿಯಾದರೂ ಬಿಟ್ಟುಹೋಗಿದೆಯೇ ಎಂದು ನೋಡಿ ತಟ್ಟೆಗೆ ಹಾಕುವುದು. ಕುರ್ಚಿಯ ಮೇಲೆ ಒಂದು ಕಪ್ಪು ಗಂಟು ಕೂತ ಹಾಗೆ ಕಂಡಿತು ಬ್ಲೇಜ್‌ಗೆ. ಒಳಗಿಂದ ಅವಳ ದನಿ ಬಂತು.

"ಬೆಳಗತ್ತೆ. ನಾಯಿ ಕಣ್ಣಿನ ಹಾಗೆ ಬೆಳಗತ್ತೆ." ಶಾಲು ಸರಿಸಿ ಹೊರಗೆ ಬಂದಳು. ಕೂದಲು ಕೆದರಿತ್ತು. "ಇಲ್ಲೇ ನೀನು ತಪ್ಪು ಮಾಡಿದ್ದು ಕಣೋ."

"ಎಲ್ಲಿ?"

"ನಾವು ಹಚ್ಚೋವಾಗ ಅದಕ್ಕೆ ಈ ಬಣ್ಣ ಇರ್ಲಿಲ್ಲ. ಹಾಲು ಒಡೆದ ಮೇಲೆ ನೀರು ನಿಲ್ಲತ್ತಲ್ಲ, ಆ ಬಣ್ಣ. ತೆಳ್ಳಗೆ, ಹಸಿರು ಹಸಿರು. ಈ ಕಂದು ಬರೋದು ಎಷ್ಟೋ ವರ್ಷ ಆದ್ಮೇಲೆ, ಬೆಳಕೆಲ್ಲ ಹೋಗಿ. ಇದು ಸತ್ತ ಮೇಲಿನ ಬಣ್ಣ. ಬಣ್ಣ ಸತ್ತವರದು ಕೊಟ್ಟಿದೀಯ, ಬೆಳಕು ಬದುಕಿರೋರದು. ಎರಡರಲ್ಲಿ ಒಂದು ಸುಳ್ಳು ಹೇಳ್ತಿದೆ."

ಬ್ಲೇಜ್‌ಗೆ ನಗು ಬಂತು. ಕಾರ್ಖಾನೆಯಲ್ಲಿ ಯಾರಿಗೂ ಹೊಳೆಯದ ಮಾತು. ಆದರೆ ಈ ಮಾತಿಗೆ ಹೆದರಿ ಗಡಿಯಾರ ಕೊಳ್ಳದೆ ಹೋಗುವವರು ಯಾರೂ ಇರಲಿಲ್ಲ. "ಕೊಳ್ಳೋರಿಗೆ ಅದೇ ಬೇಕು ಚಿಕ್ಕಜ್ಜಿ. ಹಳೇದು ಕಾಣಬೇಕು, ಕೆಲಸ ಹೊಸದರ ಹಾಗೆ ಮಾಡಬೇಕು."

"ಗಂಡಸರು ಹೆಂಗಸರನ್ನ ಹುಡುಕೋದು ಇದರ ಉಲ್ಟಾ," ಎಂದಳು ಒದಿಲ್. "ಇರ್ಲಿ. ಬಣ್ಣ ಮಾತ್ರ ಸರಿಯಾಗಿ ಹಿಡಿದಿದೀಯ. ಸತ್ತದ್ದನ್ನ ಸತ್ತ ಹಾಗೇ ಬರೆದಿದೀಯ. ಯಾವ ಗಡಿಯಾರ ನೋಡಿ ತೆಗೆದೆ?"

"ಗಡಿಯಾರ ಅಲ್ಲ. ಅಪ್ಪನ ತೊಟ್ಟಿಲು. ಅಂಚಿನ ಸುತ್ತ ಚುಕ್ಕಿ ಇದ್ವಲ್ಲ."

ಒದಿಲ್ ತಲೆಯಾಡಿಸಿದಳು. ಅವಳ ಮುಖದಲ್ಲಿ ಮೊದಲು ಬಂದದ್ದು ಸಂತೋಷವೇ. "ಅದು ಇನ್ನೂ ಇದೆಯಾ? ಇವೆತ್ ಇಟ್ಟ ಚುಕ್ಕಿ ಅವು. ಅರ್ಮಾಂ ಹುಟ್ಟಿದ ಚಳಿಗಾಲ. ದೀಪ ಹಚ್ಚದೇನೇ ಮಗು ಎಲ್ಲಿದೆ ಅಂತ ಕಾಣಲಿ ಅಂತ. ಬಟ್ಟಲಲ್ಲಿ ಮಿಕ್ಕಿದ್ದನ್ನ ಹಚ್ಚಿದ್ಲು. ತೂಗಿದ್ರೆ ಕತ್ತಲಲ್ಲಿ ಚುಕ್ಕಿ ಸಾಲು ಹೋಗಿ ಬಂದು ಮಾಡೋದು. ನಮ್ಮಪ್ಪನೂ ಕೊಟ್ಟಿಗೆ ಚಿಲಕಕ್ಕೆ ಹಚ್ಚಿಸಿಕೊಂಡಿದ್ದ."

"ಏನು ಹಚ್ಚಿದ್ಲು?" ಎಂದು ಕೇಳಿದ ಬ್ಲೇಜ್. ಅವನಿಗೆ ಉತ್ತರ ಆಗಲೇ ಗೊತ್ತಿತ್ತು.

"ಇನ್ನೇನು, ರೇಡಿಯಂ. ನಮ್ಮ ಮನೇಲಿ ಬೇರೆ ಬಣ್ಣ ಎಲ್ಲಿತ್ತು?"

ಅವನು ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು.

"ಯಾಕೋ? ಅದು ಸತ್ತು ಯಾವ ಕಾಲ ಆಯ್ತು. ಅರ್ಮಾಂ ಶಾಲೆಗೆ ಹೋಗೋ ಹೊತ್ತಿಗೆ ಒಂದು ಚುಕ್ಕೀನೂ ಬೆಳಗ್ತಿರ್ಲಿಲ್ಲ. ನಾನೇ ಶಾಲು ಹಾಕ್ಕೊಂಡು ನೋಡಿದೀನಿ. ಕತ್ತಲೆ."

"ಬೆಳಕು ಸತ್ತಿದ್ದು ಚಿಕ್ಕಜ್ಜಿ. ರೇಡಿಯಂ ಸಾಯಲ್ಲ."

"ಇವೆತ್ ದವಡೆ ಕೊಳೆತು ಸತ್ತಿದ್ದು ಅವಳು ಕುಂಚಾನ ತುಟಿಗಿಟ್ಟು ಮೊನೆ ಮಾಡ್ತಿದ್ಲು ಅಂತ. ನಾನು ಅದರ ರುಚಿ ತಡೀಲಾರ್ದೆ ಕುಂಚ ಬಿಟ್ಟು ಸೂಜೀಲಿ ಹಚ್ಚಿದೆ, ಉಳಿದೆ. ಪೇಪರಲ್ಲೂ ಹಾಗೇ ಬರೆದಿದ್ರು, ಬಾಯಿಗೆ ಹಾಕ್ಕೊಂಡ್ರೆ ಅಂತ. ಮರದ ಮೇಲೆ ತಣ್ಣಗೆ ಬಿದ್ದಿರೋದು ಏನು ಮಾಡತ್ತೆ?"

"ಕೊರಾಲಿ ಅದನ್ನ ಉಜ್ತಾ ಇದಾಳೆ."

ಒದಿಲ್‌ಗೆ ತಕ್ಷಣ ಅರ್ಥವಾಗಲಿಲ್ಲ. ಬ್ಲೇಜ್ ಬಾಗಿಲು ದಾಟಿಯಾಗಿತ್ತು.

ಸರ್ ಸರ್ ಸದ್ದು ನಿಂತಿತ್ತು. ಕೊರಾಲಿ ತೊಟ್ಟಿಲನ್ನು ತೊಡೆಗೆ ಒರಗಿಸಿಕೊಂಡು ಅಂಚಿನ ಮೇಲೆ ಅಂಗೈ ಆಡಿಸುತ್ತಿದ್ದಳು. ಮರ ಹೊಸದರಂತೆ ಬೆಳ್ಳಗಿತ್ತು. ಚುಕ್ಕಿ ಒಂದೂ ಉಳಿದಿರಲಿಲ್ಲ. ಅವಳ ಏಪ್ರನ್ನಿನ ಮೇಲೆ, ಹೊಟ್ಟೆಯ ಉಬ್ಬಿನ ಮೇಲೆ ಸಣ್ಣ ಧೂಳು ಕೂತಿತ್ತು. ಒಲೆಯ ಬೆಳಕಿಗೆ ಅದು ಗಾಳಿಯಲ್ಲೂ ಕಾಣುತ್ತಿತ್ತು.

"ನೋಡು," ಎಂದಳು. "ಬೆಣ್ಣೆ ಥರ ಆಗಿದೆ." ಅಂಚಿನ ಮೂಲೆಯಲ್ಲಿ ಉಳಿದ ಪುಡಿಯನ್ನು ಊದಿ ತೆಗೆಯಲು ಬಾಯಿ ಹತ್ತಿರ ಒಯ್ದಳು.

"ಊದಬೇಡ," ಎಂದ ಬ್ಲೇಜ್.

ಅವನ ದನಿ ಕೇಳಿ ಅವಳು ತೊಟ್ಟಿಲನ್ನು ಕೆಳಗಿಟ್ಟು ಎದ್ದು ನಿಂತಳು. ಅವನು ಹತ್ತಿರ ಬಂದು ಉಪ್ಪುಕಾಗದವನ್ನು ಅವಳ ಕೈಯಿಂದ ತೆಗೆದುಕೊಂಡ. ಏಪ್ರನ್ನಿನ ಗಂಟು ಬಿಚ್ಚಿ, ಧೂಳು ಏಳದಂತೆ ಒಳಮುಖವಾಗಿ ಮಡಿಸುತ್ತ ಹೋದ. ಅವಳು ಕೈ ಎತ್ತಿ ನಿಂತಿದ್ದಳು, ಬಟ್ಟೆ ಬಿಚ್ಚಿಸಿಕೊಳ್ಳುವ ಮಗುವಿನ ಹಾಗೆ. ಹಿಂದಿನ ಎರಡು ಸಲವೂ ಅವಳು ಆಸ್ಪತ್ರೆಯಲ್ಲಿ ಹೀಗೇ ನಿಂತಿದ್ದಳು.

"ಎಷ್ಟು ದಿನ ಉಜ್ಜಿದೆ?"

"ನೀನು ಹೇಳಿದಾಗಿಂದ. ಏನಾಯ್ತು? ಬ್ಲೇಜ್, ಏನಾಯ್ತು ಹೇಳು."

ನಡುವಿನ ಬಾಗಿಲಲ್ಲಿ ಒದಿಲ್ ಗೋಡೆ ಹಿಡಿದು ಬಂದು ನಿಂತಿದ್ದಳು. "ಕತ್ತಲಾಗಿತ್ತಮ್ಮ ಅದು," ಎಂದಳು. "ನಾನೇ ನೋಡಿದ್ದೆ."

ಬ್ಲೇಜ್ ಕೊರಾಲಿಯನ್ನು ಅವಳ ತವರಿಗೆ ಬಿಟ್ಟು, ಅಲ್ಲಿಂದಲೇ ತಿಯೆರಿಗೆ ಫೋನು ಮಾಡಿದ. ತಿಯೆರಿ ಬೆಳಗಾಗುತ್ತಲೇ ರಿಪೇರಿ ಕೋಣೆಯ ವಿಕಿರಣ ಅಳೆಯುವ ಯಂತ್ರ ಹಿಡಿದು ಲಾ ಕೊಂಬ್‌ಗೆ ಬಂದ. ಕೈಯಲ್ಲಿ ಹಿಡಿಯುವಂಥ ಹಳದಿ ಡಬ್ಬಿ. ಅಂಗಳದಲ್ಲಿ ಅದು ಆಗೊಮ್ಮೆ ಈಗೊಮ್ಮೆ ಟಕ್ ಎನ್ನುತ್ತಿತ್ತು. ಅಡಿಗೆಮನೆಯ ಹೊಸಿಲು ದಾಟಿದ ಮೇಲೆ ಎಣಿಸಲಾರದಷ್ಟಾಯಿತು. ತೊಟ್ಟಿಲ ಬಳಿ ಒಂದೇ ಸಮನೆ ಹರಿಯಿತು. ಮಡಿಸಿಟ್ಟಿದ್ದ ಏಪ್ರನ್ನಿನ ಮೇಲೆ ಹಿಡಿದಾಗ ತಿಯೆರಿ ಸದ್ದಿನ ಗುಂಡಿ ತಿರುಗಿಸಿ ಆರಿಸಿಬಿಟ್ಟ.

"ನಿನ್ನೆ ಕೈಗವಸು ಅಂದಿದ್ದು ತಮಾಷೆಗೆ ಕಣೋ," ಎಂದ.

"ಗೊತ್ತು."

"ನೀನು ಬಣ್ಣ ಕೆರೆದು ತಂದ ಕಾಗದ ಎಲ್ಲಿದೆ?"

"ಕಾರ್ಖಾನೇಲಿ. ನನ್ನ ಡ್ರಾಯರಲ್ಲಿ."

"ಹೋಗಿ ತೆಗೆದಿಡ್ತೀನಿ. ನೀನು ಮುಟ್ಟಬೇಡ." ಕಿಟಕಿಯ ಕಡೆ ತಿರುಗಿದ. "ನಮ್ಮಮ್ಮನೂ ಮನೇಲಿ ಹಚ್ತಿದ್ರು. ಆ ಮನೇನ ನಾನು ಇವತ್ತಿನವರೆಗೂ ಅಳೆದಿಲ್ಲ. ಯಂತ್ರ ದಿನಾ ಕೈಲೇ ಇರತ್ತೆ."

ರಾಜಧಾನಿ ಬೆರ್ನ್‌ನಿಂದ ಸರ್ಕಾರದವರು ಬಂದದ್ದು ಅದಾದ ಮೇಲೆ. ಬಿಳಿ ಉಡುಪು ತೊಟ್ಟವರು ತೊಟ್ಟಿಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗರಗಸದಲ್ಲಿ ಕೊಯ್ಯದೆ ಇಡಿಯಾಗಿಯೇ ಪೀಪಾಯಿಗೆ ಇಳಿಸಿದರು. ಅಡಿಗೆಮನೆಯ ನೆಲದ ಹಲಗೆ ಎಬ್ಬಿಸಿದರು. ಒದಿಲ್‌ಳ ಕಿಟಕಿಯ ಕೆಳಗಿನ ಹಲಗೆಗಳ ಮೇಲೆ ಯಂತ್ರ ತೊಟ್ಟಿಲಿಗಿಂತ ಹೆಚ್ಚು ಕೂಗಿತಂತೆ. ಅಕ್ಕತಂಗಿಯರು ಕುಂಚ ತೊಳೆದ ನೀರನ್ನು ಚೆಲ್ಲುತ್ತಿದ್ದ ಕೋಸಿನ ಮಡಿಯನ್ನು ಮೊಣಕಾಲುದ್ದ ಅಗೆದು ಮಣ್ಣು ಒಯ್ದರು. ಯಾರೂ ಯಾರನ್ನೂ ಬೈಯಲಿಲ್ಲ. ಅವರು ಮರ್ಯಾದಸ್ಥರು, ಹೋಗುವಾಗ ಬೂಟು ಒರೆಸಿಕೊಂಡು ಹೋದರು.

ಒದಿಲ್‌ಳನ್ನು ಪಟ್ಟಣದ ವೃದ್ಧರ ಮನೆಯಲ್ಲಿ ಬಿಡಬೇಕಾಯಿತು. ಹೊರಡುವಾಗ ಅವಳು ಶಾಲು ಹೊದ್ದು ಕಾರಿನಲ್ಲಿ ಕೂತು, "ಅರ್ಮಾಂನ ಸೊಂಟ ಹಸು ಒದ್ದಿದ್ದಕ್ಕೇ ಹೋಗಿದ್ದಲ್ವಾ?" ಎಂದು ಕೇಳಿದಳು. ಬ್ಲೇಜ್‌ನ ಅಪ್ಪ ಸೊಂಟದ ಮೂಳೆ ಕೊಳೆತು ಸತ್ತಿದ್ದ. ಹಸು ಒದ್ದದ್ದೂ ನಿಜ.

"ಹೌದು, ಹಸು ಒದ್ದಿದ್ದು," ಎಂದ ಬ್ಲೇಜ್.

ಡಾಕ್ಟರು ಕೊರಾಲಿಯ ರಕ್ತ, ಮೂತ್ರ ಎಲ್ಲ ತೆಗೆದುಕೊಂಡರು. ಒಳಗೆ ಹೋಗಿದೆ ಎಂದರು. ಎಷ್ಟು ಎಂದರೆ, ಬಹಳ ಇಲ್ಲ ಎಂದರು. ಬಹಳ ಇಲ್ಲ ಎಂದರೆ ಏನು ಎಂದು ಕೊರಾಲಿ ಕೇಳಿದಾಗ, ಮೂಳೆಗೆ ಹೋಗಿ ಕೂರುವ ವಸ್ತು ಅದು, ಮಗುವಿನ ಮೂಳೆ ಈಗ ತಾನೇ ಬೆಳೆಯುತ್ತಿದೆ, ಹುಟ್ಟಲಿ ನೋಡೋಣ, ಬೆಳೆಯಲಿ ನೋಡೋಣ ಎಂದರು. ಅದಕ್ಕಿಂತ ಹೆಚ್ಚು ಯಾರಿಗೂ ಗೊತ್ತಿರಲಿಲ್ಲ. ಅವಳು ಆಮೇಲೆ ಬ್ಲೇಜ್‌ನನ್ನು ಬಯ್ಯಲಿಲ್ಲ. ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಒಂದು ದಿನ ಮಾತ್ರ, ಆಲೂಗೆಡ್ಡೆ ಸುಲಿಯುತ್ತ, "ಹಾಲಿನ ಕ್ಯಾನು ಎತ್ತೋಕೆ ಬಿಟ್ಟಿದ್ರೆ ಆಗ್ತಿತ್ತು," ಎಂದಳು.

ಕಾರ್ಖಾನೆಯಲ್ಲಿ ಮದಾಂ ಪೆರ್ನೂ ಅವನನ್ನು ಕರೆದು ಬಾಗಿಲು ಮುಚ್ಚಿದರು. ಮೇಜಿನ ಮೇಲೆ ಡಯಲಿತ್ತು. ಮುಳ್ಳು ಈಗ ಗೆರೆ ಮುಟ್ಟುತ್ತಿತ್ತು. ಹೆಸರಿನ ಕೆಳಗೆ ಒಂದೇ ಸಾಲು. ಆರು ಅಗಲವಾಗಿತ್ತು, ಬ್ಲೇಜ್ ಅದನ್ನು ಚಿಕ್ಕಜ್ಜಿ ಹೇಳಿದ ಹಾಗೇ ತಿದ್ದಿದ್ದ.

"ಈ ಬಣ್ಣದಲ್ಲಿ ಏನೂ ಇಲ್ಲ," ಎಂದರು. "ತಿಯೆರಿ ನೋಡಿದಾನೆ. ಬರೀ ಬಣ್ಣ. ಆದ್ರೂ ನೀನು ಬೇಡ ಅಂದ್ರೆ ಬದಲಾಯಿಸ್ತೀನಿ. ಹೇಳು, ಯಾವುದು ಹಾಕಲಿ?"

"ಬಿಳಿ ಹಾಕಿ."

ಬಿಳಿ ಹಾಕಿದ ಇನ್ನೊಂದು ಡಯಲು ಮರುದಿನ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಟರು. ಮದಾಂ ನೋಡಿದರು, ತಿಯೆರಿ ನೋಡಿದ, ಬ್ಲೇಜ್ ನೋಡಿದ. ಬಿಳಿಯದು ಆಸ್ಪತ್ರೆಯ ಗೋಡೆ ಗಡಿಯಾರದಂತಿತ್ತು. ಇನ್ನೊಂದು ನಿಜಕ್ಕೂ ಚೆನ್ನಾಗಿತ್ತು. ಅಷ್ಟು ಚೆನ್ನಾದದ್ದನ್ನು ಅವನು ಹಿಂದೆ ಮಾಡಿರಲಿಲ್ಲ, ಮುಂದೆ ಮಾಡುವ ನಂಬಿಕೆಯೂ ಅವನಿಗಿರಲಿಲ್ಲ. ಮದಾಂ ಅವನ ಮುಖವನ್ನೊಮ್ಮೆ ನೋಡಿ, ಬಿಳಿಯದನ್ನು ಎತ್ತಿ ಬೇಡವಾದವುಗಳ ಪೆಟ್ಟಿಗೆಗೆ ಹಾಕಿದರು. ಅವನು ತಡೆಯಲಿಲ್ಲ.

ಮಗು ಮಾರ್ಚಿನಲ್ಲಿ, ಹಿಮ ಸೂರಿನಿಂದ ಜಾರಿ ಬೀಳುವ ಕಾಲದಲ್ಲಿ ಹುಟ್ಟಿತು. ಹೆಣ್ಣು. ಚಿಕ್ಕದು, ಆದರೆ ಅಳುತ್ತಿತ್ತು, ಹಾಲು ಕುಡಿಯುತ್ತಿತ್ತು. ಡಾಕ್ಟರು ಬೆರಳು, ಬೆನ್ನು, ನೆತ್ತಿ ನೋಡಿ ಸದ್ಯಕ್ಕೆ ಎಲ್ಲ ಸರಿಯಿದೆ ಎಂದರು. ಸದ್ಯಕ್ಕೆ ಎಂಬ ಮಾತನ್ನು ಅವರು ಬೇಕೆಂದೇ ಸೇರಿಸಿದ್ದಲ್ಲ. ಕೊರಾಲಿ ಅದನ್ನು ಕೇಳಿಸಿಕೊಂಡದ್ದನ್ನು ಬ್ಲೇಜ್ ಕಂಡ.

ಭಾನುವಾರ ಮಧ್ಯಾಹ್ನ ತಿಯೆರಿ ತನ್ನ ಕಾರಿನಲ್ಲಿ ಒದಿಲ್‌ಳನ್ನು ಆಸ್ಪತ್ರೆಗೆ ಕರೆತಂದ. ಕಿಟಕಿಯ ತುಂಬ ಬಿಸಿಲು. ಕೊರಾಲಿ ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿ ಮಲಗಿದ್ದಳು. ಒದಿಲ್ ಕುರ್ಚಿಯಲ್ಲಿ ಕೂತು ಎರಡೂ ಕೈ ಚಾಚಿದಳು. ಬ್ಲೇಜ್ ಮಗುವನ್ನು ಕೊಟ್ಟ. ಬೇಡ ಎನ್ನಲು ಅವನಿಗೆ ಕಾರಣ ಸಿಗಲಿಲ್ಲ.

ಮುದುಕಿ ಮಗುವಿನ ಮುಖವನ್ನು ಕಿಟಕಿಗೆ ಓರೆಯಾಗಿ ತಿರುಗಿಸಿ ಬಹಳ ಹೊತ್ತು ನೋಡಿದಳು. ಆಮೇಲೆ ಹೆಗಲ ಮೇಲಿದ್ದ ಕಪ್ಪು ಶಾಲನ್ನು ತಲೆಯ ಮೇಲೆ ಎಳೆದುಕೊಂಡು, ಮಗುವನ್ನು ಎದೆಗೆ ಹತ್ತಿರ ಹಿಡಿದು, ಅದನ್ನೂ ತನ್ನ ಜೊತೆ ಒಳಗೆ ಸೇರಿಸಿಕೊಂಡಳು. ಬಿಸಿಲಿನ ನಡುವೆ ಕುರ್ಚಿಯ ಮೇಲೆ ಕಪ್ಪು ಗಂಟೊಂದು ಅಲುಗದೆ ಕೂತಿತ್ತು. ಒಳಗೆ ಮಗು ಸಣ್ಣಗೆ ಸೀನಿತು. ತಿಯೆರಿ ಎದ್ದು ಹೊರಗೆ ಹೋದ.

ಒದಿಲ್ ಶಾಲು ಸರಿಸಿದಾಗ ಅವಳ ಕೆನ್ನೆ ಒದ್ದೆಯಾಗಿತ್ತು. ಆದರೆ ಅವಳು ನಗುತ್ತಿದ್ದಳು.

"ಎಲ್ಲ ಕಡೆ ನೋಡಿದೆ," ಎಂದಳು. "ಒಂದು ಚುಕ್ಕೀನೂ ಬೆಳಗಲ್ಲ. ಪೂರ್ತಿ ಕತ್ತಲೆ."

ಬ್ಲೇಜ್ ಮಗುವನ್ನು ಹಿಂದಕ್ಕೆ ತೆಗೆದುಕೊಂಡ. ಅದು ಬೆಚ್ಚಗಿತ್ತು.

"ಏನಂದ್ರು?" ಎಂದು ಕೊರಾಲಿ ಗೋಡೆಯ ಕಡೆಯಿಂದಲೇ ಕೇಳಿದಳು.

"ಚೆನ್ನಾಗಿದಾಳೆ ಅಂದ್ರು," ಎಂದ ಬ್ಲೇಜ್.